ಮೈಕ್ ಪರೀಕ್ಷೆಗೆ ‘ಹಲೋ, ಹಲೋ’ ಸಾಕೆ?

ಸಭೆ ಆರಂಭವಾಗುವ ಮುನ್ನ ಮೈಕಿನ ಮುಂದೆ ನಿಂತು ‘ಹಲೋ, ಹಲೋ, ಮೈಕ್ ಟೆಸ್ಟಿಂಗ್’ ಎನ್ನುವವರನ್ನು ನೀವು ನೋಡಿದ್ದೀರಿ. ಮೈಕ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಅಷ್ಟು ಸಾಕು. ಆದರೆ ಹಾಡುಗಾರಿಕೆಯನ್ನು ಧ್ವನಿಮುದ್ರಿಸಲು ಎರಡು ಮೈಕ್‌ಗಳಲ್ಲಿ ಯಾವುದು ಮೇಲು ಎಂದು ತೀರ್ಮಾನಿಸುವಾಗಲೂ ನಾವು ಇದೇ ಪರೀಕ್ಷೆಯನ್ನು ನೆಚ್ಚಿಕೊಳ್ಳುತ್ತೇವೆ. ಇದು ಸರಿಯಲ್ಲ. ಮೂವತ್ತು ವರ್ಷ ಭೌತವಿಜ್ಞಾನ ಪಾಠ ಮಾಡಿದ ನಾನೂ ಈ ತಪ್ಪು ಮಾಡಿದ್ದೇನೆ. ಆದ್ದರಿಂದ ಈ ವಿಮರ್ಶೆ ನನ್ನಿಂದಲೇ ಶುರುವಾಗಲಿ.

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ದೇವರಗುಡ್ಡರು ಮಲೆ ಮಹದೇಶ್ವರನ ಕಥೆಯನ್ನೂ ನೀಲಗಾರರು ಮಂಟೇಸ್ವಾಮಿಯ ಕಥೆಯನ್ನೂ ರಾತ್ರಿಯಿಡೀ ಹಾಡುವ ಪರಂಪರೆ ಇದೆ. ಮಹದೇಶ್ವರನ ಕಾವ್ಯವನ್ನು ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ ಪುಸ್ತಕವಾಗಿ ಹೊರತಂದರು. ಪುಸ್ತಕದಲ್ಲಿ ಪದಗಳು ಉಳಿಯುತ್ತವೆ. ಗಾಯಕನ ದನಿ, ತಂಬೂರಿಯ ಶ್ರುತಿ, ಕಂಸಾಳೆಯ ಪೆಟ್ಟು ಉಳಿಯಬೇಕಾದರೆ ಧ್ವನಿಮುದ್ರಣವೇ ಬೇಕು. ಅಂಗೈಯಗಲದ ಡಿಜಿಟಲ್ ರೆಕಾರ್ಡರ್ ಬಂದ ಮೇಲೆ ಈ ಕೆಲಸ ಯಾರಿಗೂ ಸಾಧ್ಯವಾಗಿದೆ. ಇದು ಸಣ್ಣ ಲಾಭವಲ್ಲ.

ಚಾಮರಾಜನಗರದ ಒಂದು ಕೋಣೆಯಲ್ಲಿ, ಬಾಗಿಲು ಮುಚ್ಚಿ, ಎರಡು ಮೈಕ್‌ಗಳ ಮುಂದೆ ಒಂದಾದ ಮೇಲೊಂದರಂತೆ ಮಾತನಾಡಿ, ಹೆಚ್ಚು ‘ಸ್ಪಷ್ಟ’ವಾಗಿ ಕೇಳಿಸಿದ್ದನ್ನು ನಾನು ಆರಿಸಿದೆ. ಅದನ್ನು ಗುಂಡ್ಲುಪೇಟೆಯ ಬಳಿಯ ಹಳ್ಳಿಗೆ ಒಯ್ದು ರಾತ್ರಿಯಿಡೀ ಧ್ವನಿಮುದ್ರಿಸಿದೆ. ಬೆಳಗ್ಗೆ ಹಿರಿಯ ಗಾಯಕರ ಕಿವಿಗೆ ಇಯರ್‌ಫೋನ್ ಕೊಟ್ಟಾಗ ಅವರು ಸ್ವಲ್ಪ ಹೊತ್ತು ಕೇಳಿ, “ಎಲ್ಲೋಯ್ತು ಸಾ, ನನ್ನ ತಂಬೂರಿ?” ಎಂದರು. ಅವರ ಮಾತು ನಿಜವಾಗಿತ್ತು. ಪ್ರತಿ ಕಂಸಾಳೆಯ ಪೆಟ್ಟಿಗೂ ತಂಬೂರಿ ಮುಳುಗುತ್ತಿತ್ತು, ಪೆಟ್ಟು ನಿಂತಾಗ ಮೆಲ್ಲನೆ ಏಳುತ್ತಿತ್ತು. ಆ ಹಿರಿಯರು ಈಗ ಹಾಡುತ್ತಿಲ್ಲ. ನನ್ನ ಬಳಿ ಇರುವುದು ಆ ರಾತ್ರಿಯ ಏರಿಳಿಯುವ ಸದ್ದು ಮಾತ್ರ.

ಏಕೆ ಹೀಗಾಯಿತು?

ಕಂಸಾಳೆ ಕಂಚಿನ ಜೋಡಿ ತಾಳ. ಎಡಗೈಯಲ್ಲಿ ಬಟ್ಟಲಿನಾಕಾರದ್ದು, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆಯದು. ಒಂದಕ್ಕೊಂದು ತಾಕಿದಾಗ ಸದ್ದು ಕೆಲವೇ ಮಿಲಿಸೆಕೆಂಡುಗಳಲ್ಲಿ ತುದಿಗೇರುತ್ತದೆ. ಅದರಲ್ಲಿ ಹೆಚ್ಚಿನ ಆವೃತ್ತಿಯ ಕಂಪನಗಳು ಹೇರಳ. ಮಾತಿನಲ್ಲಿ ಇಂಥ ಪೆಟ್ಟು ಇಲ್ಲ. ನನ್ನ ರೆಕಾರ್ಡರ್‌ನಲ್ಲಿ ‘ಸ್ವಯಂಚಾಲಿತ ಮಟ್ಟ ನಿಯಂತ್ರಣ’ ಚಾಲನೆಯಲ್ಲಿತ್ತು. ದೊಡ್ಡ ಸದ್ದು ಬಂದಾಗ ಇದು ಇಡೀ ಮಟ್ಟವನ್ನು ಇಳಿಸುತ್ತದೆ, ಆಮೇಲೆ ನಿಧಾನವಾಗಿ ಏರಿಸುತ್ತದೆ. ಉಪನ್ಯಾಸಕ್ಕೆ ಇದು ಅನುಕೂಲ, ಕಂಸಾಳೆ ಮೇಳಕ್ಕೆ ಮಾರಕ. ಕೋಣೆಯ ಪರೀಕ್ಷೆಯಲ್ಲಿ ಈ ದೋಷ ಕಾಣಲೇ ಇಲ್ಲ. ಅಲ್ಲಿ ಕಂಸಾಳೆಯೇ ಇರಲಿಲ್ಲವಲ್ಲ!

ನಿಯಂತ್ರಣವನ್ನು ಕೈಯಲ್ಲಿ ಇಟ್ಟುಕೊಂಡರೆ ಸಾಲದು, ಮೇಲೆ ಜಾಗವನ್ನೂ ಬಿಡಬೇಕು. ಹಳೆಯ ಟೇಪಿನಲ್ಲಿ ಮಟ್ಟ ಮಿತಿ ಮೀರಿದರೆ ವಿರೂಪ ಮೆಲ್ಲಮೆಲ್ಲನೆ ಬರುತ್ತಿತ್ತು. ಸಾಮಾನ್ಯ ಡಿಜಿಟಲ್ ಮುದ್ರಣದಲ್ಲಿ ಸೊನ್ನೆ ಡೆಸಿಬೆಲ್ ಒಂದು ಗೋಡೆ. ಅದನ್ನು ತಾಕಿದ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಹಾಗೆಂದು ಮಟ್ಟ ತಗ್ಗಿಸಲು ಹೆದರಬೇಕೆ? ಲೆಕ್ಕ ಹಾಕೋಣ. ಒಂದು ಬಿಟ್‌ಗೆ ಸುಮಾರು 6 ಡೆಸಿಬೆಲ್. 16 ಬಿಟ್‌ಗೆ 96. ಪೆಟ್ಟಿಗೆಂದು ಮೇಲೆ 12 ಡೆಸಿಬೆಲ್ ಬಿಟ್ಟರೂ 84 ಉಳಿಯುತ್ತದೆ. ಹಳ್ಳಿಯ ರಾತ್ರಿಯ ಜೀರುಂಡೆ, ಗಾಳಿ, ಜನರ ಪಿಸುಮಾತುಗಳ ಮಟ್ಟ ರೆಕಾರ್ಡರ್‌ನ ಈ ತಳಕ್ಕಿಂತ ಬಹಳ ಮೇಲಿರುತ್ತದೆ. ಆದ್ದರಿಂದ ನಷ್ಟವಿಲ್ಲ. 24 ಬಿಟ್‌ನಲ್ಲಿ ಮುದ್ರಿಸಿದರೆ ಚಿಂತೆಯೇ ಬೇಡ. ಒಂದು ಎಚ್ಚರಿಕೆ: ಅಲೆ ಮೈಕಿನೊಳಗೇ ಕತ್ತರಿಸಿ ಹೋಗಿದ್ದರೆ ರೆಕಾರ್ಡರ್‌ನ ಗುಂಡಿ ತಿರುಗಿಸಿ ಪ್ರಯೋಜನವಿಲ್ಲ. ಮೈಕ್ ತಾಳಬಲ್ಲ ಗರಿಷ್ಠ ಶಬ್ದಮಟ್ಟವನ್ನು ಮೊದಲೇ ನೋಡಿಕೊಳ್ಳಬೇಕು.

ಹೋಲಿಕೆಯಲ್ಲಿ ನುಸುಳುವ ಮೋಸ

ನನ್ನ ಪರೀಕ್ಷೆಯಲ್ಲಿ ಇನ್ನೂ ಎರಡು ದೋಷಗಳಿದ್ದವು. ಮೊದಲನೆಯದು, ಒಂದಾದ ಮೇಲೊಂದು ಮುದ್ರಿಸಿದ್ದು. ಯಾರೂ ಒಂದೇ ಸಾಲನ್ನು ಎರಡು ಸಲ ಒಂದೇ ರೀತಿ ನುಡಿಯುವುದಿಲ್ಲ. ಎರಡನೆಯದು, ಮಟ್ಟಗಳನ್ನು ಸಮ ಮಾಡದೆ ಹೋಲಿಸಿದ್ದು. ಎರಡು ಸದ್ದುಗಳಲ್ಲಿ ಒಂದು ಡೆಸಿಬೆಲ್‌ನಷ್ಟು ಜೋರಾದದ್ದು ಕಿವಿಗೆ ‘ಜೋರು’ ಎನಿಸದೆ ‘ಚೆನ್ನಾಗಿದೆ’ ಎನಿಸಬಹುದು. ನಾನು ಆರಿಸಿದ್ದು ಉತ್ತಮ ಮೈಕನ್ನಲ್ಲ, ಹೆಚ್ಚು ಸಂವೇದಿ ಮೈಕನ್ನು. ಕೈಪಿಡಿಯ ‘20ರಿಂದ 20,000 ಹರ್ಟ್ಸ್’ ಎಂಬ ಸಾಲನ್ನು ನಂಬಿದ್ದೂ ಅಷ್ಟೇ ತಪ್ಪು. ಈ ವ್ಯಾಪ್ತಿಯಲ್ಲಿ ಎಷ್ಟು ಡೆಸಿಬೆಲ್ ಏರುಪೇರು ಎಂದು ಹೇಳದಿದ್ದರೆ ಆ ಸಾಲಿಗೆ ಅರ್ಥವಿಲ್ಲ.

ಬೆಲೆಗಿಂತ ಜಾಗ ಮುಖ್ಯ

ಗಾಯಕರ ಹಿಂದೆ, ನೇರದಲ್ಲಿ, ಒಂದು ಮೀಟರ್ ದೂರಕ್ಕೆ ಕಂಸಾಳೆಯವರು ಕುಳಿತಿದ್ದಾರೆ ಎನ್ನಿ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಶಬ್ದಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಮೈಕ್ ಗಾಯಕರಿಂದ ಅರ್ಧ ಮೀಟರ್ ಮುಂದಿದ್ದರೆ ಕಂಸಾಳೆಗೆ ಒಂದೂವರೆ ಮೀಟರ್. ದೂರವೊಂದರಿಂದಲೇ ಗಾಯಕರಿಗೆ ಸುಮಾರು 9.5 ಡೆಸಿಬೆಲ್ ಅನುಕೂಲ. ಮೈಕನ್ನು ನಾಲ್ಕು ಮೀಟರ್ ದೂರ ಇಟ್ಟರೆ ಈ ಅನುಕೂಲ ಎರಡು ಡೆಸಿಬೆಲ್‌ಗೂ ಕಡಿಮೆ. ಎಷ್ಟೇ ದುಬಾರಿ ಮೈಕ್ ತಂದರೂ ತಪ್ಪು ಜಾಗದಲ್ಲಿಟ್ಟರೆ ಈ ನಷ್ಟ ತುಂಬುವುದಿಲ್ಲ.

ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ಸಂಗೀತ ತಂಡ 1984ರಲ್ಲಿ ತನ್ನ ಕಚೇರಿಗಳಲ್ಲಿ ಧ್ವನಿಮುದ್ರಿಸುವ ಅಭಿಮಾನಿಗಳಿಗೆಂದೇ ಪ್ರತ್ಯೇಕ ಜಾಗ ಮೀಸಲಿಟ್ಟಿತು. ಅವರು ಎತ್ತರದ ಕಂಬಗಳ ಮೇಲೆ ಮೈಕ್ ಏರಿಸಿ, ವೇದಿಕೆಯಿಂದ ದೂರದಲ್ಲಿ ನಿಲ್ಲುತ್ತಿದ್ದರು. ಅಲ್ಲಿ ಅದು ಸರಿ. ಅವರು ಮುದ್ರಿಸುತ್ತಿದ್ದದ್ದು ದೊಡ್ಡ ಧ್ವನಿವರ್ಧಕಗಳಿಂದ ಹೊರಡುವ, ಮೊದಲೇ ಹದಗೊಳಿಸಿದ ಸದ್ದನ್ನು. ನೆಲದ ಮೇಲೆ ಕುಳಿತು ಬರಿಗಂಟಲಲ್ಲಿ ಹಾಡುವವರಿಗೆ ಅದೇ ಕ್ರಮ ಹೊಂದದು.

ಜಾತ್ರೆಯಲ್ಲಿ ಜನರೇಟರ್ ಇದ್ದರೆ ಹೃದಯಾಕಾರದ ಗ್ರಹಣವುಳ್ಳ ಕಾರ್ಡಿಯಾಯ್ಡ್ ಮೈಕ್ ನೆರವಾಗುತ್ತದೆ. ತತ್ತ್ವದ ಪ್ರಕಾರ ಅದು ಪಕ್ಕದ ಸದ್ದನ್ನು 6 ಡೆಸಿಬೆಲ್ ಕಡಿಮೆ ಗ್ರಹಿಸುತ್ತದೆ, ನೇರ ಹಿಂದಿನದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಆದ್ದರಿಂದ ಅದರ ಬೆನ್ನನ್ನು ಜನರೇಟರ್ ಕಡೆಗೆ ತಿರುಗಿಸಿ. ಗಾಳಿ ಬೀಸುವಾಗ ಸ್ಪಂಜಿನ ಟೋಪಿ ಬೇಕೇ ಬೇಕು. ಆದರೆ ಗಾಳಿಯ ಗುಡುಗು ತಡೆಯಲೆಂದು ಕೆಳ ಆವೃತ್ತಿಗಳನ್ನು ಕತ್ತರಿಸುವ ಗುಂಡಿ ಒತ್ತುವ ಮುನ್ನ, ಅದು ತಂಬೂರಿಯ ಮಂದ್ರ ತಂತಿಯನ್ನೂ ನುಂಗುತ್ತದೆಯೇ ಎಂದು ಕೇಳಿ ನೋಡಿ.

ನೀವೇ ಪರೀಕ್ಷಿಸಿ

ಎರಡು ಮೈಕ್, ಎರಡು ವಾಹಿನಿಯ ಒಂದು ರೆಕಾರ್ಡರ್ ಇದ್ದರೆ ಸಾಕು. ಒಂದು ಮೈಕನ್ನು ಎಡ ವಾಹಿನಿಗೆ, ಇನ್ನೊಂದನ್ನು ಬಲಕ್ಕೆ ಜೋಡಿಸಿ. ಎರಡರ ತಲೆಗಳನ್ನೂ ಆದಷ್ಟು ಹತ್ತಿರ ಇಡಿ. ಎರಡು ಕೇಂದ್ರಗಳ ನಡುವೆ ರೇಡಿಯೊದಲ್ಲಿ ಕೇಳುವ ‘ಶ್’ ಸದ್ದನ್ನು ಒಂದು ಮೀಟರ್ ದೂರದಿಂದ ಕೇಳಿಸಿ, ಎರಡೂ ಮಟ್ಟಗಳನ್ನು ಸಮ ಮಾಡಿ. ನಂತರ ಮೇಳದವರನ್ನು ಕೇಳಿಕೊಂಡು, ಹಾಡುವ ಜಾಗದಲ್ಲೇ, ತಂಬೂರಿ, ಕಂಸಾಳೆ, ಕಂಠ ಮೂರೂ ಸೇರಿದ ಐದು ನಿಮಿಷ ಮುದ್ರಿಸಿ. ಮೈಕ್‌ಗಳ ವಾಹಿನಿ ಅದಲು ಬದಲು ಮಾಡಿ, ಮಟ್ಟವನ್ನು ಮತ್ತೆ ಸಮ ಮಾಡಿ, ಇನ್ನೊಮ್ಮೆ ಮುದ್ರಿಸಿ. ರೆಕಾರ್ಡರ್‌ನ ಎರಡು ವಾಹಿನಿಗಳಲ್ಲೇ ವ್ಯತ್ಯಾಸವಿದ್ದರೆ ಆಗ ಬಯಲಾಗುತ್ತದೆ. ಎರಡನ್ನೂ ಬೆರೆಸಿ ಕೇಳಬೇಡಿ. 10,000 ಹರ್ಟ್ಸ್‌ನ ಅಲೆಯುದ್ದ ಸುಮಾರು ಮೂರೂವರೆ ಸೆಂಟಿಮೀಟರ್. ಮೈಕ್‌ಗಳ ನಡುವಿನ ಸಣ್ಣ ಅಂತರವೂ ಕೆಲವು ಆವೃತ್ತಿಗಳನ್ನು ಅಳಿಸಿಬಿಡುತ್ತದೆ.

ಕೇಳುವವರಿಗೆ ಯಾವುದು ಯಾವ ಮೈಕ್ ಎಂದು ಹೇಳಬೇಡಿ. ‘ಯಾವುದು ಚೆನ್ನ?’ ಎಂಬ ಪ್ರಶ್ನೆಯೂ ಬೇಡ. ಪದಗಳು ತಿಳಿಯುತ್ತವೆಯೇ? ಎರಡು ಪೆಟ್ಟುಗಳ ನಡುವೆ ತಂಬೂರಿ ಕೇಳುತ್ತದೆಯೇ? ಹೀಗೆ ಕೇಳಿ. ಮೊದಲ ಕೇಳುಗರು ಹಾಡಿದವರೇ ಆಗಿರಲಿ, ಅದೂ ಹಾಡು ಶುರುವಾಗುವ ಮೊದಲೇ. ನಾನು ಅವರ ಕಿವಿಗೆ ಇಯರ್‌ಫೋನ್ ಕೊಟ್ಟದ್ದು ಬೆಳಗಾದ ಮೇಲೆ.