ಬೈಬಲಿನ ಆಹಾರವಿಧಿಗಳು ಮತ್ತು ಇಂದಿನ ಕ್ರೈಸ್ತರು: ಒಂದು ವಿಮರ್ಶೆ

೧

ಒಂದು ಗ್ರಂಥವನ್ನು ಆದ್ಯಂತವಾಗಿ ಪ್ರಮಾಣವೆಂದು ಸ್ವೀಕರಿಸಿದ ಸಮಾಜವು ಅದರ ಕೆಲವು ಸ್ಪಷ್ಟ ವಿಧಿಗಳನ್ನು ಆಚರಿಸದೆ ಇರುವಾಗ, ಆ ವಿಧಿಗಳ ಅರ್ಥವೇನೆಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಹಳೆಯ ಒಡಂಬಡಿಕೆಯಲ್ಲಿ ಯಾಜಕಕಾಂಡದ ೧೧ನೆಯ ಅಧ್ಯಾಯವೂ ಧರ್ಮೋಪದೇಶಕಾಂಡದ ೧೪ನೆಯ ಅಧ್ಯಾಯವೂ ಕ್ರೈಸ್ತರ ಮುಂದೆ ಇಂತಹ ಪ್ರಶ್ನೆಯನ್ನು ಇಟ್ಟಿವೆ. ಗೊರಸು ಸೀಳಿದ್ದು ಮೆಲುಕು ಹಾಕುವ ಪಶು ಭೋಜ್ಯ. ಈ ಎರಡರಲ್ಲಿ ಒಂದೇ ಲಕ್ಷಣವನ್ನು ತೋರುವ ಒಂಟೆ, ಬೆಟ್ಟದ ಮೊಲ, ಮೊಲ, ಹಂದಿ ಅಭೋಜ್ಯ. ಜಲಚರಗಳಲ್ಲಿ ರೆಕ್ಕೆಯೂ ಪೊರೆಯೂ ಉಳ್ಳವು ಮಾತ್ರ ಗ್ರಾಹ್ಯ. ಹದ್ದು, ಕಾಗೆ, ಗೂಬೆ ನಿಷಿದ್ಧ. ಮಿಡತೆಯ ಕೆಲವು ಜಾತಿಗಳಿಗೆ ಅನುಮತಿಯುಂಟು. ರಕ್ತವು ಯಾವ ಪ್ರಾಣಿಯದಾದರೂ ವರ್ಜ್ಯ. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದೆಂಬ ಕಟ್ಟಳೆಯಂತೂ ಮೂರು ಕಡೆ ಬಂದಿದೆ.

ಬಹುಸಂಖ್ಯಾತ ಕ್ರೈಸ್ತರು ಇಂದು ಇದಾವುದನ್ನೂ ಪಾಲಿಸುವುದಿಲ್ಲ. ಏಕೆಂದು ಕೇಳಿದರೆ, ಕ್ರಿಸ್ತನ ಆಗಮನದಿಂದ ಧರ್ಮಶಾಸ್ತ್ರದ ಈ ಭಾಗ ತೀರಿಹೋಯಿತು ಎಂಬ ಉತ್ತರ ದೊರೆಯುತ್ತದೆ. ಈ ಉತ್ತರದಲ್ಲಿ ಸತ್ಯಾಂಶವಿದೆ. ಆದರೆ ಮೂಲ ವಿಧಿಗೆ ಏನು ಅರ್ಥವಿತ್ತು, ಅದು ಸಡಿಲಗೊಂಡದ್ದು ಯಾವ ಉದ್ದೇಶಕ್ಕಾಗಿ ಎಂಬುದನ್ನು ಅದು ಹೇಳುವುದಿಲ್ಲ. ಇವೆರಡನ್ನೂ ವಿಚಾರಿಸದೆ ಹೋದರೆ, ವಿಧಿಯನ್ನು ಬಿಟ್ಟವನು ಆಹಾರದಿಂದ ಮನುಷ್ಯನನ್ನು ಅಳೆಯುವ ಚಟವನ್ನು ಮಾತ್ರ ಉಳಿಸಿಕೊಳ್ಳುವ ಸಂಭವವುಂಟು. ಹಾಗೆ ಆದುದಕ್ಕೆ ಇತಿಹಾಸದಲ್ಲಿ ನಿದರ್ಶನಗಳಿವೆ.

೨

ಈ ವಿಧಿಗಳಿಗೆ ಹೇಳಲಾಗಿರುವ ಕಾರಣಗಳಲ್ಲಿ ಆರೋಗ್ಯರಕ್ಷಣೆಯದು ಅತ್ಯಂತ ಜನಪ್ರಿಯವಾದುದು. ಹನ್ನೆರಡನೆಯ ಶತಮಾನದ ಯೆಹೂದಿ ದಾರ್ಶನಿಕನೂ ವೈದ್ಯನೂ ಆದ ಮೈಮೊನಿಡೀಸನು ನಿಷಿದ್ಧ ಮಾಂಸವೆಲ್ಲ ದೇಹಕ್ಕೆ ಅಹಿತವೆಂದೂ, ಹಂದಿಯ ಕೊಳಕು ಮನೆ ಬೀದಿಗಳನ್ನು ಕೆಡಿಸುತ್ತದೆಂದೂ ವಾದಿಸಿದನು. ೧೮೩೫ರಲ್ಲಿ ಲಂಡನ್ನಿನಲ್ಲಿ ಮನುಷ್ಯನ ಸ್ನಾಯುವಿನೊಳಗೆ ಟ್ರಿಕಿನೆಲ್ಲ ಕೃಮಿ ಪತ್ತೆಯಾಗಿ, ೧೮೬೦ರಲ್ಲಿ ಅದು ಮಾರಕ ವ್ಯಾಧಿಗೆ ಕಾರಣವಾಗಬಲ್ಲುದೆಂದು ಸಿದ್ಧವಾದ ಮೇಲೆ ಈ ವಾದಕ್ಕೆ ವಿಜ್ಞಾನದ ಬೆಂಬಲ ಸಿಕ್ಕಂತೆ ತೋರಿತು. ಆದರೆ ವಾದವು ಪಟ್ಟಿಯ ಮೇಲೆ ನಿಲ್ಲದು. ಒಂಟೆಯ ಮಾಂಸ ತಿಂದು ಬಾಳಿದ ಜನಾಂಗಗಳಿವೆ. ಅನುಮತಿಸಲ್ಪಟ್ಟ ದನದ ಮಾಂಸದಿಂದಲೂ ಲಾಡಿಹುಳು ಹರಡುತ್ತದೆ. ವಿಷದ ಸಸ್ಯಗಳ ಬಗ್ಗೆ ಅಧ್ಯಾಯವು ಒಂದು ಮಾತನ್ನೂ ಆಡುವುದಿಲ್ಲ. ಅಲ್ಲದೆ ಗ್ರಂಥವು ತಾನೇ ಕೊಡುವ ಕಾರಣ ಆರೋಗ್ಯವಲ್ಲ. ದೇವರು ಪರಿಶುದ್ಧನಾದುದರಿಂದ ಜನರೂ ಪರಿಶುದ್ಧರಾಗಿರಬೇಕೆಂಬುದು ಅದರ ನುಡಿ.

ಎರಡನೆಯದು ಸಾಂಕೇತಿಕ ವ್ಯಾಖ್ಯಾನ. ಅಲೆಕ್ಸಾಂಡ್ರಿಯದ ಯೆಹೂದಿ ಪರಂಪರೆಗೆ ಸೇರಿದ ಅರಿಸ್ಟೆಯಾಸನ ಪತ್ರವು ಸೀಳಿದ ಗೊರಸಿನಲ್ಲಿ ವಿವೇಚನೆಯನ್ನೂ ಮೆಲುಕಿನಲ್ಲಿ ಸ್ಮರಣೆಯನ್ನೂ ಕಂಡಿತು. ಆದರೆ ಅದು ಆಚರಣೆಯನ್ನು ಬಿಡಲಿಲ್ಲ. ಬಾರ್ನಬನ ಹೆಸರಿನಲ್ಲಿ ಪ್ರಚಲಿತವಾದ ಆದಿಕ್ರೈಸ್ತ ಪತ್ರಿಕೆಯೋ ಮೋಶೆಯು ಹೇಳಿದ್ದೆಲ್ಲ ಆಧ್ಯಾತ್ಮಿಕಾರ್ಥದಲ್ಲಿಯೇ ಎಂದು ಸಾಧಿಸಿ, ಅಕ್ಷರಶಃ ಪಾಲಿಸಿದ ಯೆಹೂದ್ಯರನ್ನು ಅವಿವೇಕಿಗಳೆಂದು ಬಗೆಯಿತು. ಇಂತಹ ವ್ಯಾಖ್ಯಾನದಲ್ಲಿ ಹಂದಿ ಒಂದು ದುರ್ಗುಣವಾಗುತ್ತದೆ, ಗೂಬೆ ಮತ್ತೊಂದಾಗುತ್ತದೆ; ಮನುಷ್ಯ ಉಣ್ಣುವವನು ಎಂಬ ಮೂಲಸಂಗತಿಯೇ ಮಾಯವಾಗುತ್ತದೆ.

ಇಪ್ಪತ್ತನೆಯ ಶತಮಾನದ ಚರ್ಚೆಯನ್ನು ತಿರುಗಿಸಿದವರು ಮಾನವಶಾಸ್ತ್ರಜ್ಞೆ ಮೇರಿ ಡಗ್ಲಾಸ್. ಶುಚಿತ್ವ ಮತ್ತು ಅಪಾಯಗಳನ್ನು ಕುರಿತ ೧೯೬೬ರ ತಮ್ಮ ಗ್ರಂಥದಲ್ಲಿ ಅವರು, ನೆಲ, ನೀರು, ಆಕಾಶ ಎಂಬ ಸೃಷ್ಟಿಯ ವರ್ಗಗಳಿಗೆ ಸರಿಯಾಗಿ ಹೊಂದದ ಪ್ರಾಣಿಗಳೇ ಅಶುದ್ಧವೆನಿಸಿದವು ಎಂದು ಪ್ರತಿಪಾದಿಸಿದರು. ೧೯೯೯ರಲ್ಲಿ ಯಾಜಕಕಾಂಡದ ಸಾಹಿತ್ಯರೂಪವನ್ನು ಕುರಿತು ಬರೆದಾಗ ಆ ನಿಲುವನ್ನು ತಾವೇ ಬಹಳ ಮಟ್ಟಿಗೆ ತಿದ್ದಿಕೊಂಡು, ದೇವರ ಬಲಿಪೀಠಕ್ಕೂ ಮನೆಯ ಊಟಕ್ಕೂ ಇರುವ ಸಾದೃಶ್ಯವನ್ನು ಮುಂದಿಟ್ಟರು. ಬೈಬಲಿನ ಅಶೌಚವು ಮನುಷ್ಯರಲ್ಲಿ ಮೇಲು ಕೀಳುಗಳನ್ನು ಏರ್ಪಡಿಸುವ ಸಾಧನವಾಗಿಲ್ಲವೆಂದು ಅವರು ಒತ್ತಿ ಹೇಳಿದ್ದು ನಮ್ಮ ದೃಷ್ಟಿಯಿಂದ ವಿಶೇಷ ಗಮನಾರ್ಹ. ಯಾಜಕಕಾಂಡಕ್ಕೆ ಮೂರು ಬೃಹತ್ಸಂಪುಟಗಳ ಭಾಷ್ಯ ಬರೆದ ಜೇಕಬ್ ಮಿಲ್ಗ್ರೋಮ್ ಅವರ ಮತದಲ್ಲಿ ಇಡೀ ವ್ಯವಸ್ಥೆಯ ಗುರಿ ಕೊಲ್ಲುವ ಮನುಷ್ಯನ ಕೈಯನ್ನು ಹಿಡಿಯುವುದು: ಕೆಲವೇ ಪ್ರಾಣಿಗಳನ್ನು ಕೊಲ್ಲಬಹುದು, ಅವುಗಳ ರಕ್ತವನ್ನು ಮಾತ್ರ ತನ್ನದೆನ್ನಬಾರದು, ಏಕೆಂದರೆ ಪ್ರಾಣವು ರಕ್ತದಲ್ಲಿದೆ.

ಈ ಎರಡು ಮತಗಳಿಗೂ ಮೂಲಪಾಠದಲ್ಲಿ ಆಧಾರವಿದೆ. ಪಟ್ಟಿಯು ಪ್ರಾಣಿಯನ್ನು ಅಶುದ್ಧವೆಂದಷ್ಟೇ ಹೇಳಿ ನಿಲ್ಲುವುದಿಲ್ಲ. 'ನಿಮಗೆ' ಅಶುದ್ಧ ಎಂದು ಮತ್ತೆ ಮತ್ತೆ ಹೇಳುತ್ತದೆ. ಒಂಟೆ, ಕತ್ತೆಗಳು ಅಭೋಜ್ಯವಾದರೂ ಮೂಲಪಿತೃಗಳ ಸಂಪತ್ತಾಗಿದ್ದವು; ಅವುಗಳ ಬೆನ್ನೇರಿದವನಿಗೆ ಮೈಲಿಗೆಯಿರಲಿಲ್ಲ. ಹೆಣವನ್ನು ಮುಟ್ಟಿದವನು ಸಂಜೆಯವರೆಗೆ ಅಶುದ್ಧನು, ಯಾಜಕನಾದರೂ ಅಷ್ಟೆ. ಹುಟ್ಟಿನಿಂದ ಅಶುದ್ಧನಾದ ಇಸ್ರಾಯೇಲ್ಯನು ಆ ಶಾಸ್ತ್ರದಲ್ಲಿ ಎಲ್ಲಿಯೂ ಇಲ್ಲ.

೩

ಹೊಸ ಒಡಂಬಡಿಕೆಗೆ ಬಂದರೆ, ಅಪೊಸ್ತಲರ ಕೃತ್ಯಗಳ ೧೦ನೆಯ ಅಧ್ಯಾಯವು ಎಲ್ಲರಿಗೂ ನೆನಪಾಗುತ್ತದೆ. ಯೊಪ್ಪದಲ್ಲಿ ಮಾಳಿಗೆಯ ಮೇಲೆ ಪ್ರಾರ್ಥಿಸುತ್ತಿದ್ದ ಪೇತ್ರನಿಗೆ ಸಕಲ ಪ್ರಾಣಿಗಳನ್ನು ಹೊತ್ತ ದುಪ್ಪಟಿ ಇಳಿದು ಬರುವ ದರ್ಶನವಾಗುತ್ತದೆ. ಕೊಂದು ತಿನ್ನೆಂದು ಧ್ವನಿ ಹೇಳುತ್ತದೆ. ಅವನು ಮೂರು ಸಲವೂ ಒಲ್ಲೆನೆನ್ನುತ್ತಾನೆ. ಯೇಸುವು ಎಲ್ಲ ಆಹಾರವನ್ನೂ ಶುದ್ಧಗೊಳಿಸಿದನೆಂಬ ಅರ್ಥ ಕೊಡುವ ಒಂದು ಚಿಕ್ಕ ವಾಕ್ಯಖಂಡವು ಮಾರ್ಕನ ಸುವಾರ್ತೆಯ ೭ನೆಯ ಅಧ್ಯಾಯದಲ್ಲಿದೆ. ಮತ್ತಾಯನ ಸಮಾನಪ್ರಸಂಗದಲ್ಲಿ ಅದಿಲ್ಲ. ಅಲ್ಲಿನ ವಾದವು ಕೈತೊಳೆಯುವ ಸಂಪ್ರದಾಯವನ್ನು ಕುರಿತದ್ದು. ಯೇಸುವು ಆಹಾರವಿಧಿಯನ್ನು ತೊಡೆದುಹಾಕಲೇ ಇಲ್ಲವೆಂದು ಡೇನಿಯಲ್ ಬೊಯಾರಿನ್ ೨೦೧೨ರಲ್ಲಿ ವಾದಿಸಿದ್ದಾರೆ. ಅವರ ಎಲ್ಲ ತೀರ್ಮಾನಗಳನ್ನೂ ಒಪ್ಪದಿದ್ದರೂ, ಗುರುವು ಅಷ್ಟು ಸ್ಪಷ್ಟವಾಗಿ ವಿಧಿಯನ್ನು ತೆಗೆದುಹಾಕಿದ್ದರೆ ಶಿಷ್ಯನು ಯೊಪ್ಪದಲ್ಲಿ ಏಕೆ ಬೆಚ್ಚಿದನೆಂಬ ಪ್ರಶ್ನೆ ಉಳಿಯುತ್ತದೆ.

ಆ ಬೆಚ್ಚುವಿಕೆಯನ್ನು ಹಗುರವಾಗಿ ಕಾಣಲಾಗದು. ಕ್ರಿ. ಪೂ. ೧೬೭ರಲ್ಲಿ ಆರಂಭವಾದ ಅಂತಿಯೋಕಸನ ಹಿಂಸೆಯ ಕಾಲದಲ್ಲಿ ಹಂದಿಯ ಮಾಂಸವು ರಾಜನಿಷ್ಠೆಯ ಪರೀಕ್ಷೆಯಾಗಿತ್ತು. ವೃದ್ಧ ಎಲೆಯಾಜರನಿಗೆ ಮಿತ್ರರು, ನಿನ್ನ ಧರ್ಮಕ್ಕೊಪ್ಪುವ ಮಾಂಸವನ್ನೇ ತರಿಸಿಕೊಂಡು ಹಂದಿಯದೆಂಬಂತೆ ನಟಿಸು ಎಂದು ಸಲಹೆಯಿತ್ತರೆಂದೂ, ತನ್ನ ನಟನೆಯಿಂದ ಕಿರಿಯರು ದಾರಿತಪ್ಪುವರೆಂದು ಅವನು ಅದನ್ನು ನಿರಾಕರಿಸಿ ಪ್ರಾಣ ಬಿಟ್ಟನೆಂದೂ ಮಕ್ಕಬಿಯರ ಎರಡನೆಯ ಗ್ರಂಥ ಹೇಳುತ್ತದೆ. ಪೇತ್ರನು ಒಲ್ಲೆನೆಂದಾಗ ಅವನ ಹಿಂದೆ ಇಂತಹ ಹುತಾತ್ಮರ ನೆನಪಿತ್ತು.

ಆದರೂ ದರ್ಶನದ ಅರ್ಥವನ್ನು ಪೇತ್ರನೇ ಬಿಡಿಸಿದಾಗ ಅದು ಪ್ರಾಣಿಗಳನ್ನು ಕುರಿತದ್ದಾಗಿ ಉಳಿಯಲಿಲ್ಲ. ಕೈಸರೈಯದ ರೋಮನ್ ಶತಾಧಿಪತಿ ಕೊರ್ನೇಲ್ಯನ ಮನೆಯಲ್ಲಿ ನಿಂತು ಅವನು ಹೇಳಿದ್ದು, ಯಾವ ಮನುಷ್ಯನನ್ನೂ ಅಶುದ್ಧನೆನ್ನಬಾರದೆಂದು ದೇವರು ತನಗೆ ತೋರಿಸಿದನೆಂಬುದು. ಈ ಘಟನೆಯ ವೇಳೆಗೆ ಅವನು ಯೊಪ್ಪದಲ್ಲಿ ಇಳಿದುಕೊಂಡಿದ್ದದ್ದು ಸೀಮೋನನೆಂಬ ಚರ್ಮಕಾರನ ಮನೆಯಲ್ಲಿ. ಸತ್ತ ಪ್ರಾಣಿಗಳ ತೊಗಲನ್ನು ಹದಮಾಡುವವನ ಮನೆಯಲ್ಲಿ ಉಳಿದವನಿಗೆ ಅನ್ಯಜನರ ಹೊಸ್ತಿಲು ದಾಟಲು ಮಾತ್ರ ದರ್ಶನ ಬೇಕಾಯಿತು.

ಅದೇ ಪೇತ್ರನು ಅಂತಿಯೋಕ್ಯದಲ್ಲಿ ಅನ್ಯಜನರೊಂದಿಗೆ ಉಣ್ಣುತ್ತಿದ್ದು, ಯೆರೂಸಲೇಮಿನಿಂದ ಕೆಲವರು ಬಂದೊಡನೆ ಹಿಂದೆಗೆದುದನ್ನು ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಖಂಡಿಸುತ್ತಾನೆ. ಪೌಲನ ನಿಲುವು ಕೇವಲ ಸ್ವಾತಂತ್ರ್ಯದ್ದಾಗಿರಲಿಲ್ಲ. ಯಾವ ಆಹಾರವೂ ತನ್ನಷ್ಟಕ್ಕೆ ತಾನು ಅಶುದ್ಧವಲ್ಲವೆಂದು ಅರಿತವನೇ, ತನ್ನ ಊಟ ಸಹೋದರನನ್ನು ಎಡವಿಸುವುದಾದರೆ ಮಾಂಸವನ್ನೇ ಬಿಡುವೆನೆಂದನು. ಕೊರಿಂಥದಲ್ಲಿ ಪ್ರಭುಭೋಜನಕ್ಕೆ ಕೂಡಿದವರಲ್ಲಿ ಉಳ್ಳವರು ಮೊದಲೇ ಉಂಡು ಮತ್ತರಾಗಿ, ಇಲ್ಲದವರು ಹಸಿದಿರುವುದನ್ನು ಕೇಳಿದಾಗ ಅವನ ಮಾತು ಅತ್ಯಂತ ಕಠಿನವಾಯಿತು. ಎಲೆಯ ಮೇಲೆ ಏನಿದೆಯೆಂಬುದಕ್ಕಿಂತ ಪಂಕ್ತಿಯಲ್ಲಿ ಯಾರಿಗೆ ಎಲೆಯಿಲ್ಲವೆಂಬುದು ಅವನಿಗೆ ದೊಡ್ಡ ಅಪರಾಧವಾಗಿ ತೋರಿತು.

೪

ಇಲ್ಲಿ ಕನ್ನಡ ಅನುವಾದದ ಒಂದು ಪದವನ್ನು ಪರಿಶೀಲಿಸುವುದು ಅಪ್ರಸ್ತುತವಾಗಲಾರದು. ಪೇತ್ರನ ಮಾತಿನಲ್ಲಿ ಗ್ರೀಕ್ ಮೂಲವು ಎರಡು ಶಬ್ದಗಳನ್ನು ಬಳಸುತ್ತದೆ. ಒಂದು 'ಅಶುದ್ಧ' ಎಂಬರ್ಥದ್ದು. ಇನ್ನೊಂದು 'ಕೊಯ್ನೊಸ್', ಎಂದರೆ ಸಾಮಾನ್ಯವಾದುದು, ಮೀಸಲಲ್ಲದುದು. ನಮ್ಮ ಸಭೆಗಳಲ್ಲಿ ಬಹುಕಾಲದಿಂದ ಓದಲ್ಪಡುತ್ತಿರುವ ಕನ್ನಡ ಬೈಬಲು ಈ ಎರಡನೆಯದಕ್ಕೆ 'ಹೊಲೆ' ಎಂಬ ಪದವನ್ನು ಇಟ್ಟಿದೆ.

ಮೂಲಾರ್ಥದ ದೃಷ್ಟಿಯಿಂದ ಇದು ಅತಿವ್ಯಾಪ್ತವಾದ ಪದ. ಕನ್ನಡದಲ್ಲಿ ಹೊಲೆಯೆಂದರೆ ಮುಟ್ಟಿನ, ಹೆರಿಗೆಯ, ಸಾವಿನ ಅಶೌಚ. ವ್ಯುತ್ಪತ್ತಿ ಏನೇ ಇರಲಿ, ಒಂದು ಜನವರ್ಗದ ಹೆಸರಿನಲ್ಲಿಯೂ ಆ ಧ್ವನಿ ಕೇಳಿಸುತ್ತದೆ. ಈ ಪದವನ್ನು ಮನಸ್ಸಿನಲ್ಲಿಟ್ಟು ಯಾಜಕಕಾಂಡಕ್ಕೆ ಹಿಂದಿರುಗುವ ಓದುಗನು, ಸಂಜೆಗೆ ಕಳೆಯುವ ಅಲ್ಲಿನ ಅಶೌಚವನ್ನು ನಮ್ಮ ಹುಟ್ಟುಮೈಲಿಗೆಯೆಂದು ತಪ್ಪಾಗಿ ತಿಳಿಯಬಹುದು. ಆದರೆ ಕೊರ್ನೇಲ್ಯನ ಮನೆಯ ಪ್ರಸಂಗದಲ್ಲಿ ಈ ಪದ ಮೂಲಕ್ಕಿಲ್ಲದ ಒಂದು ಬಲವನ್ನು ಪಡೆಯುತ್ತದೆ. ಯಾವ ಮನುಷ್ಯನನ್ನೂ ಹೊಲೆಯೆನ್ನಬಾರದೆಂದು ಕನ್ನಡದಲ್ಲಿ ಓದಿದ ಮೇಲೆ, ಅದು ಪ್ಯಾಲೆಸ್ತೀನಿನ ಹಳೆಯ ವ್ಯಾಜ್ಯವೆಂದು ಪುಟ ತಿರುವಲು ಸಾಧ್ಯವಿಲ್ಲ. ಜನನ, ಮರಣ, ಜಾತಿ ಮೊದಲಾದ ಪಂಚಸೂತಕಗಳನ್ನು ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ನಿರಾಕರಿಸಿದ ನುಡಿಯಲ್ಲಿ ಈ ವಾಕ್ಯ ಇನ್ನಷ್ಟು ಗಂಭೀರವಾಗಿ ಕೇಳಿಸುತ್ತದೆ. ಅನುವಾದವನ್ನು ಪರಿಷ್ಕರಿಸುವವರು ಆಹಾರಕ್ಕೆ ಬೇರೆ ಪದವನ್ನು ಹುಡುಕಲಿ. ಮನುಷ್ಯನನ್ನು ಕುರಿತ ಆ ವಾಕ್ಯದಲ್ಲಿ ಮಾತ್ರ 'ಹೊಲೆ'ಯನ್ನು ಕೀಳದಿರುವುದು ಒಳಿತು.

೫

ಯೆರೂಸಲೇಮಿನ ಸಭೆಯು ಅನ್ಯಜನರಿಂದ ಬಂದ ವಿಶ್ವಾಸಿಗಳಿಗೆ ವಿಗ್ರಹಾರ್ಪಿತ, ರಕ್ತ, ಕುತ್ತಿಗೆ ಹಿಸುಕಿ ಕೊಂದುದು ಇವುಗಳನ್ನೂ ಹಾದರವನ್ನೂ ವರ್ಜಿಸಬೇಕೆಂದು ವಿಧಿಸಿತು. ಪೂರ್ವದ ಸಭೆಗಳಲ್ಲಿ ರಕ್ತನಿಷೇಧವನ್ನು ೬೯೨ರ ಟ್ರುಲ್ಲೊ ಪರಿಷತ್ತು ಮತ್ತೆ ದೃಢಪಡಿಸಿತು. ಪಶ್ಚಿಮದಲ್ಲಿ ೧೪೪೨ರ ಫ್ಲಾರೆನ್ಸ್ ಪರಿಷತ್ತು, ಆ ನಿಯಮ ಯೆಹೂದ್ಯರೂ ಅನ್ಯರೂ ಒಂದಾಗಿ ಬಾಳಲೆಂದು ಮಾಡಿದ್ದು, ಕಾರಣ ತೀರಿದ ಮೇಲೆ ಕಾರ್ಯವೂ ತೀರಿತು ಎಂದು ನಿರ್ಣಯಿಸಿತು. ಅಡ್ವೆಂಟಿಸ್ಟ್ ಸಭೆಯವರು ಯಾಜಕಕಾಂಡದ ಅಶುದ್ಧ ಮಾಂಸವನ್ನು ಇಂದಿಗೂ ವರ್ಜಿಸುತ್ತಾರೆ.

ಈ ಇತಿಹಾಸದ ಅತ್ಯಂತ ಪ್ರಬುದ್ಧ ಉತ್ತರ ಐಥಿಯೋಪಿಯದಿಂದ ಬಂದಿತು. ಅಲ್ಲಿನ ಪುರಾತನ ಕ್ರೈಸ್ತರು ಹಂದಿಯನ್ನು ಮುಟ್ಟದಿರುವುದನ್ನು ಕಂಡು ಜೆಸುಯಿಟ್ ಪಾದ್ರಿಗಳು ಯೆಹೂದ್ಯಾಚಾರದ ಆರೋಪ ಹೊರಿಸಿದಾಗ, ಸಾಮ್ರಾಟ ಕ್ಲಾಡಿಯಸನು ೧೫೫೫ರಲ್ಲಿ ತನ್ನ ವಿಶ್ವಾಸಪತ್ರವನ್ನು ಬರೆದನು. ಸುನ್ನತಿಯು ತಮ್ಮಲ್ಲಿ ದೇಶಾಚಾರ ಮಾತ್ರ, ಭಾರತೀಯರು ಕಿವಿ ಚುಚ್ಚಿಸಿಕೊಳ್ಳುವಂತೆ ಎಂದನು. ಹಂದಿಯ ವಿಷಯದಲ್ಲಿಯೂ ಶಾಸ್ತ್ರದ ಕಟ್ಟು ತಮಗಿಲ್ಲ, ತಿನ್ನುವವನನ್ನು ಹಳಿಯುವುದಿಲ್ಲ, ತಿನ್ನದವನನ್ನು ಬಲವಂತಪಡಿಸುವುದಿಲ್ಲ ಎಂದು ಪೌಲನ ಮಾತಿನ ಆಧಾರದ ಮೇಲೆ ಉತ್ತರಿಸಿದನು.

ಗೋವೆಯಲ್ಲಿ ನಡೆದುದು ಇದಕ್ಕೆ ವಿರುದ್ಧ. ಅಲ್ಲಿನ ಇನ್‌ಕ್ವಿಸಿಷನ್ ೧೭೩೬ರಲ್ಲಿ ಹೊರಡಿಸಿದ ಶಾಸನವು, ಅನ್ನವನ್ನು ಹಿಂದೂಗಳಂತೆ ಉಪ್ಪು ಹಾಕದೆ ಬೇಯಿಸಿ ಅನಂತರ ಉಪ್ಪು ಬೆರೆಸಿಕೊಳ್ಳುವುದನ್ನೂ ಹೊಸ ಕ್ರೈಸ್ತರಿಗೆ ನಿಷೇಧಿಸಿತು. ಮೋಶೆಯ ವಿಧಿಯಿಂದ ಬಿಡುಗಡೆ ಪಡೆದೆವೆಂದವರು ಅನ್ನದ ಮಡಕೆಗೆ ಹೊಸ ವಿಧಿಯನ್ನು ಬರೆದರು.

೧೮೫೦ರಲ್ಲಿ ಮದರಾಸಿನ ಮಿಷನರಿ ಸಮ್ಮೇಳನವು, ಯಾವ ಜಾತಿಯ ಕ್ರೈಸ್ತನೊಡನೆಯೂ ಕುಳಿತು ಉಣ್ಣಲೊಪ್ಪದವನು ಜಾತಿಯನ್ನು ಬಿಟ್ಟವನಲ್ಲವೆಂದು ನಿಶ್ಚಯಿಸಿತು. ಲೈಪ್‌ಜಿಗ್ ಮಿಷನ್ನಿನವರು ಭಿನ್ನಮತ ತಾಳಿದರು. ಇದೂ ಊಟದ ಪರೀಕ್ಷೆಯೇ ಅಲ್ಲವೇ ಎಂದು ಆಕ್ಷೇಪಿಸಬಹುದು. ಆದರೆ ಎರಡಕ್ಕೂ ಅಂತರವಿದೆ. ಗೋವೆಯ ಶಾಸನವು ಒಬ್ಬನಿಂದ ಅವನ ತಾಯಿಯ ಅಡಿಗೆಯ ರೂಢಿಯನ್ನು ಕಿತ್ತುಕೊಂಡಿತು. ಮದರಾಸಿನ ನಿರ್ಣಯವು ಪಕ್ಕದವನನ್ನು ದೂರವಿಡುವ ಹಕ್ಕನ್ನು ಕೇಳಿಕೊಂಡಿತು. ಪೌಲನು ರಕ್ಷಿಸಲೆಳಸಿದ 'ದುರ್ಬಲ ಸಹೋದರ'ನು ಹೆದರಿದ ಮನಸ್ಸಿನವನು. ಬಾಗಿಲು ಮುಚ್ಚುವ ಬಲಿಷ್ಠನು ಆ ಹೆಸರಿನ ಆಶ್ರಯ ಬೇಡಲಾರನು.

೬

ಹಾಗಾದರೆ ಇಂದಿನ ಕ್ರೈಸ್ತನಿಗೆ ಈ ಅಧ್ಯಾಯಗಳಿಂದ ಉಳಿಯುವುದೇನು? ಪಟ್ಟಿಯು ಅವನನ್ನು ಕಟ್ಟುವುದಿಲ್ಲ. ಅದನ್ನು ಪಾಲಿಸುವ ಯೆಹೂದ್ಯನನ್ನು ಕೀಳಾಗಿ ಕಾಣುವ ಅಧಿಕಾರವೂ ಅವನಿಗಿಲ್ಲ. ರಕ್ತದ ವಿಧಿಯು, ಉಣ್ಣುವುದಕ್ಕಾಗಿ ತೆಗೆಯುವ ಪ್ರಾಣ ತನ್ನ ಸೊತ್ತಲ್ಲವೆಂದು ನೆನಪಿಸುತ್ತದೆ. ಯಂತ್ರಗಳಿಂದ ಲೆಕ್ಕವಿಲ್ಲದೆ ಕೊಲ್ಲುವ ಕಾಲದಲ್ಲಿ ಈ ನೆನಪು ಹಳತಾಗಿಲ್ಲ. ಬಲಿಪೀಠಕ್ಕೂ ಊಟಕ್ಕೂ ಇರುವ ಸಂಬಂಧವು, ಪ್ರಭುಭೋಜನದ ರೊಟ್ಟಿಯನ್ನು ಒಟ್ಟಿಗೆ ತೆಗೆದುಕೊಂಡವರು ಮದುವೆಯ ಪಂಕ್ತಿಯಲ್ಲಿ ಬೇರೆಬೇರೆಯಾಗಿ ಕುಳಿತುಕೊಳ್ಳಬಹುದೇ ಎಂದು ಕೇಳುತ್ತದೆ.

ಮುಂಬಯಿಯಂತಹ ನಗರದಲ್ಲಿ ಬಾಡಿಗೆಮನೆ ಕೇಳಲು ಹೋದವನು ಏನು ತಿನ್ನುವನೆಂದು ವಿಚಾರಿಸಿ ಬಾಗಿಲು ತೆಗೆಯುವ ಅಥವಾ ಮುಚ್ಚುವ ವಾಡಿಕೆಯನ್ನು ನಾಡು ಬಿಟ್ಟು ಬಂದ ನಾವೆಲ್ಲ ಬಲ್ಲೆವು. ಅದನ್ನು ಅನ್ಯಾಯವೆನ್ನುವ ಕ್ರೈಸ್ತನು, ತನ್ನ ಸಭೆಯಲ್ಲಿಯೇ ಮಾಂಸವನ್ನು ಬಿಟ್ಟ ಸಹೋದರನು ಹಾಸ್ಯಕ್ಕೆ ಗುರಿಯಾಗುತ್ತಿರುವನೇ, ಕೀಳೆನಿಸಿಕೊಂಡ ಮನೆಯ ಅಡಿಗೆ ಉಣ್ಣದೆ ಉಳಿಯುತ್ತಿರುವುದೇ ಎಂದು ಮೊದಲು ನೋಡಿಕೊಳ್ಳಬೇಕು. ಪೇತ್ರನು ಕೊರ್ನೇಲ್ಯನ ಮನೆಯಲ್ಲಿ ಏನು ಉಂಡನೆಂಬುದನ್ನು ಗ್ರಂಥವು ದಾಖಲಿಸಿಲ್ಲ. ಅವನು ಅಲ್ಲಿ ಕೆಲವು ದಿನ ಇರಬೇಕೆಂದು ಆ ಮನೆಯವರು ಬೇಡಿಕೊಂಡರೆಂಬುದನ್ನು ಮಾತ್ರ ಬರೆದಿಟ್ಟಿದೆ.