ಕಾಣದೆ ಹೋದ ಕಡತ: ಕನ್ನಡ ದಾಖಲೆಗಳ ಸ್ವಯಂಚಾಲಿತ ಟ್ಯಾಗಿಂಗ್ ಕುರಿತು ಒಂದು ವಿಮರ್ಶೆ

ಅಕ್ಷರಗಳನ್ನು ಮಾತ್ರ ಹೊಂದಿಸಿ ನೋಡುವ ಶೋಧನಯಂತ್ರದಲ್ಲಿ 'ಕನ್ನಡ' ಎಂದು ಹುಡುಕಿದರೆ 'ಹಳಗನ್ನಡ', 'ನಡುಗನ್ನಡ', 'ಹೊಸಗನ್ನಡ' ಯಾವುವೂ ದೊರೆಯುವುದಿಲ್ಲ. ಕಕಾರಕ್ಕೆ ಗಕಾರವು ಆದೇಶವಾಗಿ ಬಂದಿರುವುದೇ ಕಾರಣ. 13ನೆಯ ಶತಮಾನದಲ್ಲಿ ಕೇಶಿರಾಜನು ನಿರೂಪಿಸಿದ ಈ ಪ್ರಕ್ರಿಯೆಯು ಇಂದಿನ ಶೋಧಪೆಟ್ಟಿಗೆಯನ್ನು ಸುಲಭವಾಗಿ ಸೋಲಿಸುತ್ತದೆ. 'ಮರ' ಎಂಬ ಆರಂಭವನ್ನು ಹಿಡಿದು ಹುಡುಕಿದರೆ 'ಮರಕ್ಕೆ', 'ಮರದಿಂದ' ರೂಪಗಳೊಂದಿಗೆ 'ಮರಣ', 'ಮರಳು', 'ಮರಾಠಿ'ಗಳೂ ಬಂದು ಸೇರುತ್ತವೆ. ಈ ತೊಡಕಿಗೆ ಪರಿಹಾರವಾಗಿ ಈಗ ಕೃತಕ ಬುದ್ಧಿಮತ್ತೆಯನ್ನು ಮುಂದಿಡಲಾಗುತ್ತಿದೆ. ಯಂತ್ರವೇ ಕಡತವನ್ನು ಓದಿ, ಅದರ ಭಾಷೆ, ವಿಷಯ, ಸ್ಥಳ, ಕಾಲಗಳನ್ನು ಸೂಚಿಸುವ ಟ್ಯಾಗುಗಳನ್ನು ಅಂಟಿಸುತ್ತದೆ. ಓದುಗನು ಪಠ್ಯವನ್ನಲ್ಲದೆ ಟ್ಯಾಗುಗಳನ್ನು ಹುಡುಕುತ್ತಾನೆ.

ಈ ಪರಿಹಾರವು ಹುಸಿಯಲ್ಲ. ಪದಗಳನ್ನು ಅವುಗಳ ಸಂದರ್ಭದಿಂದ ಕಲಿತ ಭಾಷಾಮಾದರಿಗಳು 'ಹಳಗನ್ನಡ'ಕ್ಕೂ 'ಕನ್ನಡ'ಕ್ಕೂ ಇರುವ ನಂಟನ್ನು ಸಂಧಿಸೂತ್ರವಿಲ್ಲದೆಯೇ ಹಿಡಿಯಬಲ್ಲವು. ರೋಮನ್ ಲಿಪಿಯಲ್ಲಿ ತಪ್ಪುತಪ್ಪಾಗಿ ಬರೆದ ಶೀರ್ಷಿಕೆಯೊಂದನ್ನು ಬಿಟ್ಟರೆ ಬೇರಾವ ವಿವರವೂ ಇಲ್ಲದ ಸ್ಕ್ಯಾನ್ ಪ್ರತಿಗಳ ರಾಶಿಯನ್ನು ಕಂಡವರು ಯಾರೂ ಇವನ್ನು ಒಮ್ಮೆಗೇ ತಳ್ಳಿಹಾಕಲಾರರು. ನನ್ನ ಆಕ್ಷೇಪವಿರುವುದು ತಂತ್ರಜ್ಞಾನದ ಬಗ್ಗೆ ಅಲ್ಲ, ಅದರ ಯಶಸ್ಸನ್ನು ಅಳೆಯುವ ಕ್ರಮದ ಬಗ್ಗೆ.

ಯಂತ್ರವು ಕೊಟ್ಟ ಟ್ಯಾಗುಗಳಲ್ಲಿ ಕೆಲವನ್ನು ಆರಿಸಿ, ಅವುಗಳಲ್ಲಿ ಎಷ್ಟು ಸರಿ ಎಂದು ಎಣಿಸುವುದು ಸುಲಭದ ಪರೀಕ್ಷೆ. ಇದು ನಿಖರತೆಯನ್ನು ಹೇಳುತ್ತದೆ. ದೊರೆಯಬೇಕಾಗಿದ್ದ ಕಡತಗಳಲ್ಲಿ ಎಷ್ಟು ದೊರೆತವು ಎಂಬ ಎರಡನೆಯ ಪ್ರಶ್ನೆಯನ್ನು ಅದು ಮುಟ್ಟುವುದೇ ಇಲ್ಲ. ತಪ್ಪು ಟ್ಯಾಗು ಕಣ್ಣಿಗೆ ಬೀಳುತ್ತದೆ, ಯಾರಾದರೂ ದೂರುತ್ತಾರೆ. ಬೀಳದೆ ಹೋದ ಟ್ಯಾಗಿನ ಬಗ್ಗೆ ದೂರು ಬರುವುದಿಲ್ಲ. ಹುಡುಕಿದವನು 'ಈ ವಿಷಯದ ಸಾಮಗ್ರಿ ಇಲ್ಲಿಲ್ಲ' ಎಂದುಕೊಂಡು ಎದ್ದುಹೋಗುತ್ತಾನೆ, ಕೆಲವೊಮ್ಮೆ ಹಾಗೆಂದು ಪ್ರಬಂಧದಲ್ಲಿಯೂ ಬರೆಯುತ್ತಾನೆ. 1960ರ ದಶಕದ ಕ್ರ್ಯಾನ್‌ಫೀಲ್ಡ್ ಪ್ರಯೋಗಗಳಲ್ಲಿ ಸಿರಿಲ್ ಕ್ಲೆವರ್ಡನ್ ಈ ಎರಡೂ ಅಳತೆಗಳನ್ನು ಜೊತೆಯಾಗಿಯೇ ಬಳಸಿದ್ದನು. ಪಠ್ಯದ ಸಹಜ ಪದಗಳೇ ಪರಿಷ್ಕೃತ ವಿಷಯಪಟ್ಟಿಗಳಿಗಿಂತ ಚೆನ್ನಾಗಿ ಕೆಲಸ ಮಾಡಿದ್ದು ಅಂದಿನ ಅಚ್ಚರಿ. ಆದರೆ ಅವನ ಸಂಗ್ರಹವು ವಿಮಾನವಿಜ್ಞಾನದ ಇಂಗ್ಲಿಷ್ ಬರಹಗಳದ್ದು. ನಾಮಪದವೊಂದು ಏಕವಚನ ಬಹುವಚನಗಳೆಂಬ ಎರಡು ರೂಪಗಳಲ್ಲಿ ಮುಗಿಯುವ ಭಾಷೆಯ ಫಲಿತಾಂಶವನ್ನು, ವಿಭಕ್ತಿ, ಸಮಾಸ, ಸಂಧಿಗಳ ಮೂಲಕ ಒಂದೇ ಪ್ರಕೃತಿಯು ಹತ್ತಾರು ರೂಪ ತಾಳುವ ಭಾಷೆಗೆ ಪರಾಮರ್ಶೆಯಿಲ್ಲದೆ ಅನ್ವಯಿಸಲಾಗದು.

ಕನ್ನಡ ಲಿಪಿಯ ಸಂಗ್ರಹಗಳಲ್ಲಿ ಈ 'ಕಾಣದೆ ಹೋಗುವಿಕೆ' ಎಲ್ಲೆಡೆ ಸಮನಾಗಿ ಹಂಚಿಹೋಗುವುದೂ ಇಲ್ಲ. ಲಿಪಿಯನ್ನು ನೋಡಿ ಭಾಷೆಯನ್ನು ನಿರ್ಧರಿಸುವ ಯಾವ ಉಪಕರಣವೂ ಕನ್ನಡ ಲಿಪಿಯಲ್ಲಿರುವ ತುಳುವನ್ನು ಕನ್ನಡವೆಂದೇ ಗುರುತಿಸುತ್ತದೆ. ಕೊಡವ, ಬ್ಯಾರಿ, ಕರಾವಳಿಯ ಕೊಂಕಣಿಗಳ ಗತಿಯೂ ಅದೇ. ತುಳುವಿಗೆ ಅಂತರರಾಷ್ಟ್ರೀಯ ಪ್ರಮಾಣದಲ್ಲಿ ಪ್ರತ್ಯೇಕ ಭಾಷಾಸಂಕೇತವಿದೆ. 2016ರಿಂದ ಕನ್ನಡ ಲಿಪಿಯಲ್ಲೇ ಬರೆಯುವ ತುಳು ವಿಕಿಪೀಡಿಯ ಇದೆ. ತುಳು-ತಿಗಳಾರಿ ಲಿಪಿಯು 2024ರಲ್ಲಿ ಯೂನಿಕೋಡನ್ನು ಸೇರಿತು. ಹೀಗಿದ್ದೂ ಭಾಷೆಯ ಅಂಕಣದಲ್ಲಿ ಒಮ್ಮೆ 'ಕನ್ನಡ' ಎಂದು ಬಿದ್ದರೆ, ಮುಂದಿನ ಹಂತಗಳೆಲ್ಲವೂ ಆ ಪಠ್ಯವನ್ನು ಕೆಟ್ಟ ಕನ್ನಡವೆಂದು ಓದುತ್ತವೆ. ತುಳುವನ್ನು ಅರಸಿ ಬಂದ ಸಂಶೋಧಕನಿಗೆ ಆ ಕಡತ ಇಲ್ಲವೇ ಇಲ್ಲ.

ಇನ್ನೂ ಸೂಕ್ಷ್ಮವಾದುದು 'ಸರಿಯಾದ' ಟ್ಯಾಗಿನಿಂದ ಆಗುವ ನಷ್ಟ. ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಬಂದ ತಿದ್ದುಪಡಿಯ ತರುವಾಯ ಭೂನ್ಯಾಯ ಮಂಡಳಿಗಳ ಮುಂದೆ ಬಂದ ಗೇಣಿದಾರರ ಅರ್ಜಿಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಂತಹ ಕಡತಕ್ಕೆ 'ಕೃಷಿ' ಎಂಬ ಟ್ಯಾಗು ಬಿದ್ದರೆ ಯಾವ ಪರೀಕ್ಷಕನೂ ಅದನ್ನು ತಪ್ಪೆನ್ನಲಾರ. ಆದರೆ ಕರಾವಳಿಯಲ್ಲಿ ಮೂಲಗೇಣಿಯೆಂದರೆ ಶಾಶ್ವತವಾದ ಹಕ್ಕು. ಚಾಲಗೇಣಿಯೆಂದರೆ ಧಣಿ ಬಿಡಿಸುವವರೆಗಿನ ಸಾಗುವಳಿ. ಒಂದು ಕುಟುಂಬದ ಅಳಿವು-ಉಳಿವು ನಿಂತಿದ್ದ ಆ ಭೇದವು 'ಕೃಷಿ'ಯೊಳಗೆ ಅಳಿಸಿಹೋಗುತ್ತದೆ. 'ಒಕ್ಕಲು' ಎಂಬ ಪದವನ್ನೇ ನೋಡಿ: ವಾಸ, ಗೇಣಿದಾರ, ಬೇಸಾಯದ ಮನೆತನ ಎಂಬ ಅರ್ಥಗಳು ಅದರಲ್ಲಿ ಹೆಣೆದುಕೊಂಡಿವೆ. 'ಒಕ್ಕಲೆಬ್ಬಿಸು' ಎಂಬುದನ್ನು ಸಹ 'ಕೃಷಿ'ಯ ಅಡಿಗೆ ತಂದರೆ, ಉಳುವುದು ಬಿತ್ತುವುದರಂತೆ ಅದೂ ಒಂದು ಬೇಸಾಯದ ಕೆಲಸವೆಂದು ತೋರೀತು. ವಿಶಾಲಾರ್ಥದ ಪದವು ವಿಶಿಷ್ಟಾರ್ಥದ ಪದವನ್ನು ನುಂಗುವ ಈ ಕ್ರಿಯೆಯು ಅರ್ಥವಿಜ್ಞಾನಕ್ಕೆ ಹೊಸತಲ್ಲ. ಹೊಸತೆಂದರೆ, ನಿಖರತೆಯ ಅಂಕವು ಅದಕ್ಕೆ ಬಹುಮಾನ ಕೊಡುತ್ತಿರುವುದು. ಟ್ಯಾಗು ಅಸ್ಪಷ್ಟವಾದಷ್ಟೂ ತಪ್ಪಾಗುವ ಸಂಭವ ಕಡಿಮೆ.

ಆದುದರಿಂದ ಟ್ಯಾಗನ್ನು ಗ್ರಂಥಾಲಯದ ತಾಂತ್ರಿಕ ವಿವರವೆಂದು ಬದಿಗಿಡದೆ, ಭಾಷಾವಿಜ್ಞಾನಿಗಳು ಪಠ್ಯಸಂಚಯಕ್ಕೆ ಮಾಡುವ ಟಿಪ್ಪಣಿಯಂತೆಯೇ ಪರಿಗಣಿಸಬೇಕೆಂಬುದು ನನ್ನ ವಾದ. ಪದವರ್ಗದ ಟಿಪ್ಪಣಿಯನ್ನು ಇಬ್ಬರು ಸ್ವತಂತ್ರವಾಗಿ ಮಾಡಿದಾಗ ಅವರ ಒಮ್ಮತವನ್ನು ಜೇಕಬ್ ಕೋಹೆನ್ 1960ರಲ್ಲಿ ಸೂಚಿಸಿದ ಕಪ್ಪಾ ಅಳತೆಯಿಂದ ನೋಡುವ ಶಿಸ್ತು ನಮ್ಮಲ್ಲಿದೆ. ವಿಷಯದ ಟ್ಯಾಗುಗಳಿಗೂ ಆ ಶಿಸ್ತು ಬೇಕು, ಮತ್ತು ಆ ಇಬ್ಬರಲ್ಲಿ ಒಬ್ಬರಾದರೂ ಆ ಪ್ರದೇಶದ ನುಡಿಯನ್ನು ಬಲ್ಲವರಾಗಿರಬೇಕು. ಪರೀಕ್ಷೆಗೆ ಕಡತಗಳನ್ನು ಆರಿಸುವಾಗ, ನಿರ್ದಿಷ್ಟ ಟ್ಯಾಗು ಬೀಳದ ಕಡತಗಳಿಂದಲೂ ಯಾದೃಚ್ಛಿಕವಾಗಿ ಕೆಲವನ್ನು ತೆಗೆದು ಓದಬೇಕು. ಇದು ಶ್ರಮದ ಕೆಲಸ. ಎರಡನೆಯ ಅಳತೆಗೆ ಇದಕ್ಕಿಂತ ಹತ್ತಿರದ ದಾರಿಯಿಲ್ಲ.

ಯಂತ್ರದ ಟ್ಯಾಗನ್ನು ತಿದ್ದುವಾಗ ಹಳೆಯದನ್ನು ಅಳಿಸಬಾರದು. ಯಾವ ಮಾದರಿಯು ಯಾವ ದಿನ ಕೊಟ್ಟದ್ದು, ಯಾರು ಏಕೆ ತಿದ್ದಿದರು ಎಂಬುದು ಪಕ್ಕದಲ್ಲೇ ಉಳಿಯಬೇಕು. ಯೂನಿಕೋಡಿನಲ್ಲಿ ಇದಕ್ಕೊಂದು ನಿದರ್ಶನವಿದೆ. ಹಳಗನ್ನಡದ 'ೞ' ಅಕ್ಷರಕ್ಕೆ ಅಲ್ಲಿ ಮೊದಲು ಬಿದ್ದ ಅಧಿಕೃತ ಹೆಸರು 'ಕನ್ನಡ ಲೆಟರ್ ಫಾ'. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಆ ತಪ್ಪು ಹಾಗೆಯೇ ಇದೆ. ಅದರ ಪಕ್ಕದಲ್ಲಿ, ತಿದ್ದುಪಡಿಯೆಂದು ಸ್ಪಷ್ಟವಾಗಿ ನಮೂದಿಸಿದ ಎರಡನೆಯ ಹೆಸರೊಂದನ್ನು ಇರಿಸಲಾಗಿದೆ. ಎರಡರಲ್ಲಿ ಯಾವುದನ್ನು ಹಿಡಿದು ಹೋದರೂ ಸಿಗುವುದು ಅದೇ ಅಕ್ಷರ.