ಕಣ್ಣಿನ ಮಗು, ಕಿವಿಯ ಮಗು

ತೆತ್ಸುಕೊ ಕುರೊಯಾನಾಗಿಯವರ ‘ತೊತ್ತೋ-ಚಾನ್’ ಜಪಾನಿನಲ್ಲಿ 1981ರಲ್ಲಿ ಪ್ರಕಟವಾದ ಪುಸ್ತಕ. ಕನ್ನಡಕ್ಕೂ ಬಂದಿದೆ. ನಮ್ಮ ಸ್ಟಾಫ್‌ರೂಮಿನಲ್ಲಿ ಅದನ್ನು ಓದಿದವರೆಲ್ಲ ಹೇಳುವುದು ಒಂದೇ ಮಾತು: ‘ಮಗುವನ್ನು ಅದರ ಇಷ್ಟಕ್ಕೆ ಬಿಟ್ಟರೆ ತಾನೇ ಕಲಿಯುತ್ತದೆ.’ ಮೊದಲ ಸಲ ನಾನೂ ಹಾಗೇ ಓದಿಕೊಂಡಿದ್ದೆ. ಈಚೆಗೆ ಮತ್ತೆ ಓದಿದಾಗ, ಪುಸ್ತಕ ಹೇಳುವುದು ಅದಲ್ಲ ಅನ್ನಿಸಿತು.

ಒಂದು ಶಾಲೆಯಿಂದ ಹೊರಹಾಕಿಸಿಕೊಂಡ ಪುಟ್ಟ ಹುಡುಗಿ ತೋಮೊಯೆ ಶಾಲೆಗೆ ಬರುತ್ತಾಳೆ. ಅಲ್ಲಿ ಹಳೆಯ ರೈಲುಡಬ್ಬಿಗಳೇ ತರಗತಿಗಳು. ಮುಖ್ಯೋಪಾಧ್ಯಾಯ ಕೊಬಾಯಾಶಿಯವರು ಮೊದಲ ದಿನವೇ ನಾಲ್ಕು ಗಂಟೆ ಕೂತು ಅವಳ ಮಾತು ಕೇಳುತ್ತಾರೆ. ಬೆಳಿಗ್ಗೆ ಟೀಚರು ಆ ದಿನದ ಪಾಠಗಳನ್ನೆಲ್ಲ ಬೋರ್ಡಿನ ಮೇಲೆ ಬರೆಯುತ್ತಾರೆ. ಯಾವುದರಿಂದ ಶುರುಮಾಡಬೇಕೆಂಬುದು ಮಗುವಿನ ಇಷ್ಟ. ಒಬ್ಬರು ಪ್ರಬಂಧ ಬರೆಯುತ್ತಿದ್ದರೆ ಇನ್ನೊಬ್ಬರು ಹಿಂದೆ ಫ್ಲಾಸ್ಕಿನಲ್ಲಿ ಏನೋ ಕುದಿಸುತ್ತಿರುತ್ತಾರೆ.

ನಾವು ಮರೆಯುವುದು ಇಲ್ಲಿಯೇ. ಇಷ್ಟವಾದದ್ದು ಮೊದಲು, ಅಷ್ಟೇ. ಇಷ್ಟವಿಲ್ಲದ್ದಕ್ಕೆ ಮಾಫಿ ಇಲ್ಲ. ಬೆಳಿಗ್ಗೆಯೇ ಎಲ್ಲ ಮುಗಿಸಿದರೆ ಮಧ್ಯಾಹ್ನ ತಿರುಗಾಟ. ಆ ಸ್ವಾತಂತ್ರ್ಯದಿಂದ ಟೀಚರಿಗೂ ಲಾಭವಿತ್ತು: ಯಾವ ಮಗು ಹೇಗೆ ಯೋಚಿಸುತ್ತದೆಂದು ದಿನವೂ ಕಾಣುತ್ತಿತ್ತು. ಅಲ್ಲಿ ನಡೆದದ್ದು ಮಗುವನ್ನು ನೋಡುವ ಕೆಲಸ, ಅದಕ್ಕೆ ಹಣೆಪಟ್ಟಿ ಹಚ್ಚುವ ಕೆಲಸವಲ್ಲ.

ನಾನು ಹಚ್ಚಿದೆ. ಒಂದು ತರಬೇತಿಯಲ್ಲಿ ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ಮಕ್ಕಳನ್ನು ವಿಂಗಡಿಸಲು ಹೇಳಿಕೊಟ್ಟರು. ಶ್ರದ್ಧೆಯಿಂದ ಪಟ್ಟಿ ಮಾಡಿದೆ. ಎಂಟನೇ ತರಗತಿಯ ಒಬ್ಬ ಹುಡುಗಿ ಕಾವೇರಿಯ ಉಪನದಿಗಳನ್ನು ‘ಹೇಮಾವತಿ, ಕಬಿನಿ, ಶಿಂಷಾ, ಅರ್ಕಾವತಿ’ ಎಂದು ರಾಗವಾಗಿ ಒಪ್ಪಿಸುತ್ತಿದ್ದಳು. ನಕ್ಷೆ ಎಂದರೆ ಬೆವರುತ್ತಿದ್ದಳು. ‘ನೀನು ಕಿವಿಯ ಮಗು, ನಕ್ಷೆ ಬಿಡು’ ಎಂದೆ. ಉಪಕಾರ ಮಾಡಿದೆನೆಂದೇ ತಿಳಿದಿದ್ದೆ. ಎಸ್ಸೆಸ್ಸೆಲ್ಸಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳು ನಕ್ಷೆಯ ಪ್ರಶ್ನೆಯನ್ನು ಖಾಲಿ ಬಿಟ್ಟಿದ್ದಳು. ಕೇಳಿದರೆ, ‘ಮಿಸ್, ನನಗದು ಬರಲ್ಲ ಅಂತ ನೀವೇ ಹೇಳಿದ್ರಲ್ಲ’ ಅಂದಳು.

ಅಮೆರಿಕದ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮೂವರು ಮನೋವಿಜ್ಞಾನಿಗಳು 2008ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ತೂಗಿ ನೋಡಿ, ಮಗುವಿನ ‘ಶೈಲಿ’ಗೆ ಹೊಂದಿಸಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ಇಲ್ಲವೆಂದಿದ್ದರು. ನನಗದು ತಿಳಿದದ್ದು ತಡವಾಗಿ.

ಪುಸ್ತಕದ ಬಗ್ಗೆ ನನ್ನದೊಂದು ತಕರಾರೂ ಇದೆ. ತೋಮೊಯೆಯ ಇಡೀ ಶಾಲೆಯಲ್ಲಿ ಇದ್ದದ್ದು ಐವತ್ತರಷ್ಟು ಮಕ್ಕಳು. ನನ್ನ ಒಂದು ತರಗತಿಯಲ್ಲೇ ಅರವತ್ತು. ಕಥೆ ಹೇಳುವುದು ಮಗುವಿನ ಕಣ್ಣಿನಿಂದ, ಹಾಗಾಗಿ ಟೀಚರುಗಳ ದಣಿವು ಅದರಲ್ಲಿ ಕಾಣುವುದೇ ಇಲ್ಲ. ಅರವತ್ತು ಮಕ್ಕಳಿಗೆ ಅರವತ್ತು ಪಾಠ ಯಾರಿಂದಲೂ ಆಗದು. ಒಂದೇ ಪಾಠಕ್ಕೆ ಮೂರು ಬಾಗಿಲು ತೆರೆದು ಎಲ್ಲರನ್ನೂ ಮೂರರಿಂದಲೂ ಒಳಗೆ ಕರೆಯುವುದು ಆಗುತ್ತದೆ.

ಆ ವಾರ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಕಾವೇರಿಯನ್ನು ಬರೆದೆ. ಇಡೀ ತರಗತಿ ಹೆಸರು ಹೇಳುತ್ತ ತಲಕಾವೇರಿಯಿಂದ ಹೊರಟಿತು. ಕಿವಿಯ ಮಗು ನಡುದಾರಿಯಲ್ಲಿ ನಿಂತಳು. ‘ಮಿಸ್, ನಾಲ್ಕರಲ್ಲಿ ಕಬಿನಿ ಮಾತ್ರ ಆಚೆ ದಡದಿಂದ ಬರ್ತಾಳೆ!’

ಎರಡು ವರ್ಷ ಅವಳು ಹಾಡಿದ್ದರಲ್ಲಿ ಅದು ಇರಲೇ ಇಲ್ಲ.